ಫೋಲ್ಡರ್ ಬಂತು, ಪೇಜ್ ಹೋಯ್ತು: ವೆಬ್‌ಸೈಟ್ ವಿಳಾಸದ ಹಿಂದೆ ನಡೆಯುವ ಲೆಕ್ಕಾಚಾರ

ಅರ್ಜಿ ಸಲ್ಲಿಸಲು ಅಂದು ಕೊನೆಯ ದಿನ. ಸಂಜೆ 5 ಗಂಟೆಗೆ ಮುಗಿಯುತ್ತಿತ್ತು. ಗಡಿಯ ಆಚೆ ಪಿಯುಸಿ, ಈಚೆ ಪ್ಲಸ್ ಟು, ಹೀಗೆ ಎರಡೂ ಕಡೆಯ ಮಕ್ಕಳಿಗೆ ಸ್ಕಾಲರ್‌ಶಿಪ್ ಕೊಡುವ ಒಂದು ಸಂಸ್ಥೆಯ ವೆಬ್‌ಸೈಟನ್ನು ನಾನು ಆಗ ನೋಡಿಕೊಳ್ಳುತ್ತಿದ್ದೆ. ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಫೋನ್ ಶುರುವಾಯಿತು. ‘ಪೇಜ್ ಓಪನ್ ಆಗ್ತಾ ಇಲ್ಲ’, ‘ಏನೋ 403 ಅಂತ ಬರ್ತದೆ’. ಮೊದಲ ಎರಡು ಕರೆಗಳಿಗೆ ‘ನಿಮ್ಮ ನೆಟ್ ಸ್ಲೋ ಇರಬೇಕು, ರಿಫ್ರೆಶ್ ಮಾಡಿ’ ಎಂದು ಉತ್ತರಿಸಿ ಸುಮ್ಮನಾದೆ. ಮೂರನೆಯದು ಒಬ್ಬ ಕಾಕನದ್ದು. ಮೀನಿನ ವ್ಯಾಪಾರ ಅರ್ಧಕ್ಕೆ ಬಿಟ್ಟು ಮಗಳ ಜೊತೆ ಅಕ್ಷಯ ಕೇಂದ್ರದಲ್ಲಿ ಬಂದು ಕೂತಿದ್ದರು. ‘ಮೋನೇ, ಇಲ್ಲಿಯ ಹುಡುಗ ಹೇಳ್ತಾನೆ ಇದು ಫರ್ಬಿಡನ್ ಅಂತೆ, ನಿಷೇಧ ಅಂತೆ. ನಮ್ಮ ಮಗಳ ಅರ್ಜಿ ರಿಜೆಕ್ಟ್ ಆಯ್ತಾ?’

ಅರ್ಜಿ ರಿಜೆಕ್ಟ್ ಆಗಿರಲಿಲ್ಲ. ಆ ದಿನ ಬೆಳಿಗ್ಗೆ ನಾನೇ ಒಂದು ಫೋಲ್ಡರ್ ಮಾಡಿದ್ದೆ, ಅಷ್ಟೇ.

ಆನ್‌ಲೈನ್‌ನಲ್ಲಿ ಫಾರಂ ತುಂಬಲು ಬಾರದವರಿಗೆ ಪ್ರಿಂಟ್ ತೆಗೆದು ತುಂಬುವ ಪಿಡಿಎಫ್ ಕೂಡ ಇರಲಿ ಎಂದು ಯಾರೋ ಹೇಳಿದ್ದರು. ಹೋಸ್ಟಿಂಗಿನ ಫೈಲ್ ಮ್ಯಾನೇಜರ್ ತೆರೆದು, ‘ಸ್ಕಾಲರ್‌ಶಿಪ್’ ಎಂಬ ಹೆಸರಿನ ಫೋಲ್ಡರ್ ಮಾಡಿ, ಅದರೊಳಗೆ ಮೂರು ಪಿಡಿಎಫ್ ಹಾಕಿ, ಲಿಂಕ್‌ಗಳನ್ನು ವಾಟ್ಸ್ಆ್ಯಪ್ ಗ್ರೂಪಿಗೆ ಕಳಿಸಿ ನನ್ನ ಕೆಲಸಕ್ಕೆ ಹೋದೆ. ಪಿಡಿಎಫ್ ಚೆನ್ನಾಗಿಯೇ ಓಪನ್ ಆಗುತ್ತಿತ್ತು. ಆದರೆ ಸೈಟಿನಲ್ಲಿ ಅದೇ ‘/ಸ್ಕಾಲರ್‌ಶಿಪ್/’ ವಿಳಾಸದಲ್ಲಿ ಅರ್ಜಿಯ ಪೇಜ್ ಮೊದಲೇ ಇತ್ತಲ್ಲ, ಅದು ಆ ಕ್ಷಣಕ್ಕೇ ಮಾಯ. ವರ್ಡ್‌ಪ್ರೆಸ್ ಒಳಗೆ ಹೋಗಿ ನೋಡಿದರೆ ಪೇಜ್ ಹಾಗೇ ಉಂಟು, ‘ಪಬ್ಲಿಶ್ಡ್’ ಎಂದೇ ತೋರಿಸುತ್ತದೆ. ಹೊರಗಿನಿಂದ ನೋಡಿದರೆ ಬಾಗಿಲು ಬಂದ್.

ನಮ್ಮ ಊರುಗಳಲ್ಲಿ ಈಗ ಸಂಘ, ಜಮಾಅತ್, ಶಾಲೆ, ಕ್ಲಬ್, ಟ್ರಸ್ಟ್ ಎಂದು ನೂರಾರು ಸೈಟ್‌ಗಳು ಉಂಟು. ಹೆಚ್ಚಿನವನ್ನು ನೋಡಿಕೊಳ್ಳುವುದು ಸಂಬಳವಿಲ್ಲದ ಒಬ್ಬ ಹುಡುಗ ಅಥವಾ ಹುಡುಗಿ, ಕೆಲವೊಮ್ಮೆ ಗಲ್ಫಿನ ರೂಮಿನಲ್ಲಿ ಕೂತು ರಾತ್ರಿ ಕೆಲಸ ಮಾಡುವವರು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಬರುವ ವಿಳಾಸ, ಫೈಲ್ ಹೆಸರು, ಕಮಾಂಡ್ ಎಲ್ಲ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಇರುತ್ತವೆ. ಓದಲು ಸುಲಭವಾಗಲಿ ಎಂದು ಕನ್ನಡದಲ್ಲಿ ಬರೆದಿದ್ದೇನೆ.

ವಿಳಾಸ ಎಂದರೆ ಮೊದಲು ಫೈಲೇ ಆಗಿತ್ತು

ಜಗತ್ತಿನ ಮೊದಲ ವೆಬ್‌ಸೈಟ್ ಜಿನೀವಾದ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ ಮಾಡಿದ್ದು. ಅದರ ವಿಳಾಸದ ಕೊನೆಯ ಭಾಗ ‘/ಹೈಪರ್‌ಟೆಕ್ಸ್ಟ್/ಡಬ್ಲ್ಯೂಡಬ್ಲ್ಯೂಡಬ್ಲ್ಯೂ/ದಪ್ರಾಜೆಕ್ಟ್.ಎಚ್‌ಟಿಎಂಎಲ್’ ಎಂದಿತ್ತು. ಒಂದು ಫೋಲ್ಡರ್, ಅದರೊಳಗೆ ಇನ್ನೊಂದು ಫೋಲ್ಡರ್, ಅದರೊಳಗೆ ಒಂದು ಫೈಲ್. ಸರ್ವರ್ ಎನ್ನುವ ಕಂಪ್ಯೂಟರಿನ ಡಿಸ್ಕಿನಲ್ಲಿ ಫೈಲ್ ಎಲ್ಲಿ ಇದೆಯೋ ಅದೇ ಅದರ ವಿಳಾಸ. ಇವತ್ತಿಗೂ ಸಾಮಾನ್ಯ ಹೋಸ್ಟಿಂಗಿನಲ್ಲಿ ಮೂಲ ಪದ್ಧತಿ ಇದೇ. ‘ಪಬ್ಲಿಕ್_ಎಚ್‌ಟಿಎಂಎಲ್’ ಎಂಬ ಫೋಲ್ಡರಿನೊಳಗೆ ನೀವು ಏನು ಇಟ್ಟರೂ ಅದಕ್ಕೆ ತನ್ನಿಂದ ತಾನೇ ಒಂದು ವಿಳಾಸ ಹುಟ್ಟಿಕೊಳ್ಳುತ್ತದೆ. ವಿಳಾಸದಲ್ಲಿ ಬರೀ ಫೋಲ್ಡರ್ ಹೆಸರು ಇದ್ದರೆ ಸರ್ವರ್ ಅದರೊಳಗೆ ‘ಇಂಡೆಕ್ಸ್’ ಎಂಬ ಹೆಸರಿನ ಫೈಲ್ ಹುಡುಕಿ ಕೊಡುತ್ತದೆ.

ಆಮೇಲೆ ಡೇಟಾಬೇಸ್ ಬಂತು. ಸುದ್ದಿ, ಲೇಖನ, ಪೇಜ್ ಯಾವುದೂ ಡಿಸ್ಕಿನಲ್ಲಿ ಬೇರೆ ಬೇರೆ ಫೈಲಾಗಿ ಇಲ್ಲ, ಎಲ್ಲ ಡೇಟಾಬೇಸಿನ ಟೇಬಲ್ಲಿನಲ್ಲಿ ಸಾಲು ಸಾಲಾಗಿ ಇರುತ್ತದೆ. ಪುಟವನ್ನು ಕಟ್ಟಿಕೊಡುವುದು ‘ಇಂಡೆಕ್ಸ್.ಪಿಎಚ್‌ಪಿ’ ಎಂಬ ಒಂದೇ ಫೈಲ್. ಹಾಗಾಗಿ ವಿಳಾಸಗಳು ‘?ಪಿ=123’ ಎಂಬಂತಾದವು. 123ನೇ ಲೇಖನ ಕೊಡು ಎಂದು ಅರ್ಥ. ಯಂತ್ರಕ್ಕೆ ಇದು ಸಾಕು, ಮನುಷ್ಯನಿಗೆ ಸಾಲದು. ಫೋನಿನಲ್ಲಿ ಹೇಳಲು ಆಗುವುದಿಲ್ಲ, ಬ್ಯಾನರಿನಲ್ಲಿ ಹಾಕಿದರೆ ಯಾರಿಗೂ ನೆನಪು ಉಳಿಯುವುದಿಲ್ಲ, ವಾಟ್ಸ್ಆ್ಯಪ್‌ನಲ್ಲಿ ಬಂದ ಲಿಂಕ್ ಯಾವ ವಿಷಯದ್ದು ಎಂದು ಒತ್ತುವ ಮೊದಲು ತಿಳಿಯುವುದಿಲ್ಲ. ಅದರ ಬದಲು ‘/ಸ್ಕಾಲರ್‌ಶಿಪ್/’ ಎಂದಷ್ಟೇ ಇದ್ದರೆ? ಇದಕ್ಕೇ ಕ್ಲೀನ್ ಯುಆರ್‌ಎಲ್ ಎನ್ನುವುದು. ಡ್ರುಪಾಲ್ ಎಂಬ ಸಾಫ್ಟ್‌ವೇರಿನಲ್ಲಿ ಇದೇ ಹೆಸರು, ವರ್ಡ್‌ಪ್ರೆಸ್‌ನಲ್ಲಿ ಪರ್ಮಾಲಿಂಕ್ ಎಂದು ಕರೆಯುತ್ತಾರೆ.

ಇಲ್ಲಿ ಒಂದು ಮಾತನ್ನು ಸರಿಯಾಗಿ ಗಮನಿಸಬೇಕು. ‘/ಸ್ಕಾಲರ್‌ಶಿಪ್/’ ನೋಡಲು ಫೋಲ್ಡರಿನ ಹಾಗೆಯೇ ಕಾಣುತ್ತದೆ, ಆದರೆ ಅಂಥ ಫೋಲ್ಡರ್ ಎಲ್ಲೂ ಇಲ್ಲ. ಅದು ಬರೀ ಹೆಸರು. ಅದೇ ಸೈಟಿನಲ್ಲಿ ಲೋಗೋ, ಫೋಟೋ, ಪಿಡಿಎಫ್, ಡಿಸೈನಿನ ಸಿಎಸ್‌ಎಸ್ ಫೈಲ್ ಮುಂತಾದವು ನಿಜವಾದ ಫೋಲ್ಡರಿನಲ್ಲಿರುವ ನಿಜವಾದ ಫೈಲ್‌ಗಳು. ವಿಳಾಸ ನೋಡಿ ಯಾವುದು ನಿಜ, ಯಾವುದು ಬರೀ ಹೆಸರು ಎಂದು ಸರ್ವರಿಗೆ ಹೇಗೆ ಗೊತ್ತಾಗಬೇಕು?

ನಾತೂರನ ಕೆಲಸ

ದುಬೈ, ಶಾರ್ಜಾದಲ್ಲಿ ಇದ್ದು ಬಂದವರಿಗೆ ಬಿಲ್ಡಿಂಗಿನ ನಾತೂರ್ ಎಂದರೆ ಗೊತ್ತುಂಟು, ವಾಚ್‌ಮನ್. ಬಂದವನು ಒಂದು ಹೆಸರು ಹೇಳುತ್ತಾನೆ. ಆ ಹೆಸರಿನ ಫ್ಲ್ಯಾಟ್ ಬಿಲ್ಡಿಂಗಿನಲ್ಲಿ ಇದ್ದರೆ ನಾತೂರ್ ನೇರ ಅಲ್ಲಿಗೆ ಕಳಿಸುತ್ತಾನೆ, ಯಾರನ್ನೂ ಕೇಳುವುದಿಲ್ಲ. ಇಲ್ಲದಿದ್ದರೆ ‘ಆಫೀಸಿನಲ್ಲಿ ಕೇಳಿ’ ಎಂದು ಕೈ ತೋರಿಸುತ್ತಾನೆ. ಆಫೀಸಿನವರು ರಿಜಿಸ್ಟರ್ ತೆಗೆದು ಹೆಸರು ಹುಡುಕುತ್ತಾರೆ, ಅಲ್ಲೂ ಇಲ್ಲದಿದ್ದರೆ ‘ಇಲ್ಲ’ ಎನ್ನುತ್ತಾರೆ.

ಅಪಾಚೆ ಎಂಬ ಸರ್ವರಿನಲ್ಲಿ ಈ ಕೆಲಸ ಮಾಡುವ ಭಾಗದ ಹೆಸರು ಮಾಡ್ ರಿರೈಟ್. 1996ರಲ್ಲಿ ರಾಲ್ಫ್ ಎಂಗೆಲ್‌ಶಾಲ್ ಎಂಬವರು ಬರೆದದ್ದು. ಸೈಟಿನ ಮುಖ್ಯ ಫೋಲ್ಡರಿನಲ್ಲಿ ‘.ಎಚ್‌ಟಿಆಕ್ಸೆಸ್’ ಎಂಬ ಫೈಲ್ ಇರುತ್ತದೆ, ಹೆಸರಿನ ಮೊದಲಿಗೇ ಚುಕ್ಕೆ. ವರ್ಡ್‌ಪ್ರೆಸ್ ಅದರಲ್ಲಿ ಕೆಲವು ಸಾಲು ಬರೆದಿಡುತ್ತದೆ. ಅದರಲ್ಲಿ ಮುಖ್ಯವಾದವು ಮೂರು. ಒಂದರ ಕೊನೆಗೆ ‘!-ಎಫ್’ ಎಂದು ಇರುತ್ತದೆ: ಕೇಳಿದ ಹೆಸರಿನ ಫೈಲ್ ಡಿಸ್ಕಿನಲ್ಲಿ ಇಲ್ಲದಿದ್ದರೆ. ಇನ್ನೊಂದರ ಕೊನೆಗೆ ‘!-ಡಿ’: ಆ ಹೆಸರಿನ ಡೈರೆಕ್ಟರಿ, ಅಂದರೆ ಫೋಲ್ಡರ್, ಕೂಡ ಇಲ್ಲದಿದ್ದರೆ. ಮೂರನೆಯದು: ಹಾಗಾದರೆ ಮಾತ್ರ ಕೆಲಸವನ್ನು ‘ಇಂಡೆಕ್ಸ್.ಪಿಎಚ್‌ಪಿ’ಗೆ ಒಪ್ಪಿಸು. ಎನ್‌ಜಿನ್‌ಎಕ್ಸ್ ಎಂಬ ಇನ್ನೊಂದು ಸರ್ವರಿನಲ್ಲಿ ಇದೇ ಕೆಲಸವನ್ನು ‘ಟ್ರೈ_ಫೈಲ್ಸ್’ ಎಂಬ ಒಂದೇ ಸಾಲು ಮಾಡುತ್ತದೆ: ಮೊದಲು ಫೈಲ್ ನೋಡು, ಆಮೇಲೆ ಫೋಲ್ಡರ್ ನೋಡು, ಎರಡೂ ಇಲ್ಲದಿದ್ದರೆ ಇಂಡೆಕ್ಸಿಗೆ ಹೋಗು.

ಈಗ ನನ್ನ ಎಡವಟ್ಟು ನಿಮಗೂ ಅರ್ಥವಾಗಿರಬೇಕು. ಬೆಳಿಗ್ಗೆ ತನಕ ‘ಸ್ಕಾಲರ್‌ಶಿಪ್’ ಎಂಬ ಹೆಸರಿನ ಏನೂ ಡಿಸ್ಕಿನಲ್ಲಿ ಇರಲಿಲ್ಲ. ಕೇಳಿದವರನ್ನೆಲ್ಲ ಸರ್ವರ್ ವರ್ಡ್‌ಪ್ರೆಸ್ ಹತ್ತಿರ ಕಳಿಸುತ್ತಿತ್ತು, ವರ್ಡ್‌ಪ್ರೆಸ್ ಡೇಟಾಬೇಸಿನಿಂದ ಪೇಜ್ ತೆಗೆದು ಕೊಡುತ್ತಿತ್ತು. ಫೋಲ್ಡರ್ ಹುಟ್ಟಿದ ಕ್ಷಣದಿಂದ ‘!-ಡಿ’ ಎಂಬ ಷರತ್ತು ಸುಳ್ಳಾಯಿತು. ವರ್ಡ್‌ಪ್ರೆಸ್‌ಗೆ ಸುದ್ದಿಯೇ ಹೋಗಲಿಲ್ಲ. ಸರ್ವರ್ ನೇರ ಫೋಲ್ಡರಿನೊಳಗೆ ಹೊಕ್ಕು ‘ಇಂಡೆಕ್ಸ್’ ಹುಡುಕಿತು. ಅಲ್ಲಿ ಇದ್ದದ್ದು ಮೂರು ಪಿಡಿಎಫ್ ಮಾತ್ರ. ಒಳಗೆ ಏನೇನು ಉಂಟು ಎಂದು ಪಟ್ಟಿ ತೋರಿಸಲು ನಮ್ಮ ಹೋಸ್ಟಿಂಗಿನಲ್ಲಿ ಅನುಮತಿ ಇರಲಿಲ್ಲ. ಹಾಗಾಗಿ 403, ಫರ್ಬಿಡನ್. ಆ ಹುಡುಗ ಹೇಳಿದ ನಿಷೇಧ ಆ ಕಾಕನ ಮಗಳ ಮೇಲೆ ಅಲ್ಲ, ಫೋಲ್ಡರಿನ ಒಳಗಿನ ಪಟ್ಟಿಯ ಮೇಲೆ.

ವರ್ಡ್‌ಪ್ರೆಸ್ ಎಚ್ಚರಿಕೆ ಯಾಕೆ ಕೊಡಲಿಲ್ಲ? ಅದರ ರಿಜಿಸ್ಟರ್ ಡೇಟಾಬೇಸ್. ಒಂದೇ ಹೆಸರಿನ ಎರಡು ಪೇಜ್ ಮಾಡಿದರೆ ಎರಡನೆಯದಕ್ಕೆ ಅದು ತಾನೇ ‘-2’ ಎಂದು ಸೇರಿಸುತ್ತದೆ. ಆದರೆ ನಾವು ಫೈಲ್ ಮ್ಯಾನೇಜರಿನಿಂದ ಅಥವಾ ಎಫ್‌ಟಿಪಿಯಿಂದ ಮಾಡಿದ ಫೋಲ್ಡರ್ ಅದರ ಲೆಕ್ಕಕ್ಕೇ ಬರುವುದಿಲ್ಲ.

ಫೋಲ್ಡರಿನ ಹೆಸರು ಬದಲಾಯಿಸಿದೆ, ಎರಡು ನಿಮಿಷದ ಕೆಲಸ, ಪೇಜ್ ವಾಪಸ್ ಬಂತು. ನಿಟ್ಟುಸಿರು ಬಿಡುವಷ್ಟರಲ್ಲಿ ಮತ್ತೆ ಫೋನ್: ‘ಬೆಳಿಗ್ಗೆ ಕಳಿಸಿದ ಪಿಡಿಎಫ್ ಲಿಂಕ್ ಈಗ 404 ತೋರಿಸ್ತದೆ.’ ಹೌದಲ್ಲ ಮಾರಾಯ್ರೇ, ಫೋಲ್ಡರಿನ ಹೆಸರು ಬದಲಾದರೆ ಅದರೊಳಗಿನ ಫೈಲ್‌ಗಳ ವಿಳಾಸವೂ ಬದಲಾಯಿತು. ವಾಟ್ಸ್ಆ್ಯಪ್‌ನಲ್ಲಿ ಫಾರ್ವರ್ಡ್ ಆಗಿ ಹತ್ತು ಗ್ರೂಪ್ ದಾಟಿದ ಲಿಂಕನ್ನು ವಾಪಸ್ ತೆಗೆದುಕೊಳ್ಳಲು ಆಗುತ್ತದಾ? ಕೊನೆಗೆ ‘.ಎಚ್‌ಟಿಆಕ್ಸೆಸ್’ನಲ್ಲಿ ಆ ಮೂರು ಹಳೆಯ ವಿಳಾಸಗಳನ್ನು ಹೊಸದಕ್ಕೆ ತಿರುಗಿಸುವ 301 ಸಾಲು ಬರೆಯಬೇಕಾಯಿತು. 301 ಎಂದರೆ ‘ಈ ಮನೆಯವರು ಶಾಶ್ವತವಾಗಿ ಅಲ್ಲಿಗೆ ಹೋಗಿದ್ದಾರೆ’ ಎಂಬ ಬೋರ್ಡ್. 302 ಬರೆದರೆ ತಾತ್ಕಾಲಿಕ ಎಂದು ಅರ್ಥ, ಎರಡನ್ನೂ ಅದಲುಬದಲು ಮಾಡಬೇಡಿ. ಸಂಸ್ಥೆಯವರು ಕೊನೆಯ ದಿನಾಂಕವನ್ನು ಎರಡು ದಿನ ಮುಂದೆ ಹಾಕಿದರು. ಕಾಕನ ಮಗಳ ಅರ್ಜಿ ಅವತ್ತು ಸಂಜೆಯೇ ಬಂದಿತ್ತು, ನಾನೇ ನೋಡಿದೆ.

ಇಂಥ ಸಾಲು ಬರೆಯುವವರಿಗೆ ಒಂದು ಸೂಚನೆ. ‘.ಎಚ್‌ಟಿಆಕ್ಸೆಸ್’ ಫೈಲಿನಲ್ಲಿ ‘ಬಿಗಿನ್ ವರ್ಡ್‌ಪ್ರೆಸ್’, ‘ಎಂಡ್ ವರ್ಡ್‌ಪ್ರೆಸ್’ ಎಂಬ ಎರಡು ಗುರುತು ಇರುತ್ತದೆ. ಅದರ ನಡುವೆ ಏನನ್ನೂ ಬರೆಯಬೇಡಿ, ವರ್ಡ್‌ಪ್ರೆಸ್ ಆ ಜಾಗವನ್ನು ತನಗೆ ಬೇಕಾದಾಗ ಅಳಿಸಿ ಹೊಸದಾಗಿ ಬರೆಯುತ್ತದೆ. ನಿಮ್ಮ ಸಾಲುಗಳು ಅದಕ್ಕಿಂತ ಮೇಲೆ ಇರಲಿ. ತಿದ್ದುವ ಮೊದಲು ಫೈಲಿನ ಒಂದು ಕಾಪಿ ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಒಂದು ಅಕ್ಷರ ತಪ್ಪಿದರೂ ಇಡೀ ಸೈಟ್ 500 ಎಂಬ ಎರರ್ ಕೊಟ್ಟು ಮಲಗುತ್ತದೆ.

ಇದ್ದದ್ದನ್ನೆಲ್ಲ ಕೇಳಿದವರಿಗೆ ಕೊಡುತ್ತದೆ

ಪೇಜ್ ಮಾಯವಾಗುವುದು ಸಣ್ಣ ತೊಂದರೆ, ಯಾರಾದರೂ ಫೋನ್ ಮಾಡಿ ಬೈದು ಹೇಳುತ್ತಾರೆ. ಅದೇ ನಿಯಮದ ಇನ್ನೊಂದು ಮುಖ ಇದಕ್ಕಿಂತ ದೊಡ್ಡದು, ಮತ್ತು ಅದಕ್ಕೆ ಯಾರೂ ಫೋನ್ ಮಾಡುವುದಿಲ್ಲ.

ನಿಯಮ ಹೇಳುವುದೇನು? ಫೈಲ್ ಇದ್ದರೆ ಕೊಡು. ಯಾರು ಕೇಳಿದರು, ಲಾಗಿನ್ ಆಗಿದ್ದಾರಾ, ಸಂಸ್ಥೆಯ ಸದಸ್ಯರಾ, ಇದು ಯಾವುದನ್ನೂ ನೋಡುವುದಿಲ್ಲ. ವರ್ಡ್‌ಪ್ರೆಸ್‌ನಲ್ಲಿ ಪೇಜಿಗೆ ಪಾಸ್‌ವರ್ಡ್ ಹಾಕಬಹುದು, ಪ್ರೈವೇಟ್ ಮಾಡಬಹುದು. ಆದರೆ ಆ ಪೇಜಿನಲ್ಲಿ ಲಿಂಕ್ ಕೊಟ್ಟ ಪಿಡಿಎಫ್ ‘ಅಪ್‌ಲೋಡ್ಸ್’ ಫೋಲ್ಡರಿನಲ್ಲಿರುವ ಸಾಮಾನ್ಯ ಫೈಲ್. ಅದರ ವಿಳಾಸ ಸಿಕ್ಕಿದ ಯಾರು ಬೇಕಾದರೂ ತೆರೆಯಬಹುದು. ನಾತೂರ್ ನೇರ ಫ್ಲ್ಯಾಟಿಗೆ ಕಳಿಸುತ್ತಾನೆ, ಆಫೀಸಿಗೆ ಗೊತ್ತೇ ಆಗುವುದಿಲ್ಲ.

ನಮ್ಮ ಕಡೆಯ ಸೈಟ್‌ಗಳಲ್ಲಿ ಮಕ್ಕಳ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಫೋಟೋ, ಆದಾಯ ಪ್ರಮಾಣಪತ್ರ ಅಪ್‌ಲೋಡ್ ಮಾಡಿಸುತ್ತೇವೆ. ಒಂದು ಸೈಟಿನಲ್ಲಿ, ಯಾವುದು ಎಂದು ಹೇಳುವುದಿಲ್ಲ, ವಿಳಾಸದ ಕೊನೆಯ ಫೈಲ್ ಹೆಸರನ್ನು ಅಳಿಸಿ ಬರೀ ಫೋಲ್ಡರ್ ತನಕ ಇಟ್ಟು ಎಂಟರ್ ಒತ್ತಿದೆ. ಇಡೀ ಫೋಲ್ಡರಿನ ಪಟ್ಟಿ ಎದುರಿಗೆ ಬಂತು, ಹೆಸರು ಹೆಸರಾಗಿ. ಅಲ್ಲಿ ಪಟ್ಟಿ ತೋರಿಸುವ ಅನುಮತಿ ಆನ್ ಆಗಿತ್ತು. ನಮ್ಮ ಮಧ್ಯಾಹ್ನ ಹಾಳು ಮಾಡಿದ ಅದೇ 403 ಅಲ್ಲಿ ಬಂದಿದ್ದರೆ ಎಷ್ಟು ಒಳ್ಳೆಯದಿತ್ತು! ನೋಡಿಕೊಳ್ಳುವವರಿಗೆ ಅವತ್ತೇ ಹೇಳಿದೆ, ಸರಿಪಡಿಸಿದರು. ಅಪಾಚೆಯಲ್ಲಿ ‘.ಎಚ್‌ಟಿಆಕ್ಸೆಸ್’ನಲ್ಲಿ ‘ಆಪ್ಶನ್ಸ್ -ಇಂಡೆಕ್ಸಸ್’ ಎಂಬ ಒಂದು ಸಾಲು ಬರೆದರೆ ಪಟ್ಟಿ ನಿಲ್ಲುತ್ತದೆ. ನಿಮ್ಮ ಸೈಟಿನಲ್ಲೂ ಇವತ್ತೇ ಹೀಗೆ ಮಾಡಿ ನೋಡಿ, ಮೊಬೈಲಿನಲ್ಲೇ ಆಗುತ್ತದೆ.

ಆದರೆ ಪಟ್ಟಿ ನಿಲ್ಲಿಸುವುದು ಬಾಗಿಲಿಗೆ ಬೀಗ ಹಾಕಿದ ಹಾಗೆ ಅಲ್ಲ, ಬೋರ್ಡ್ ತೆಗೆದ ಹಾಗೆ ಅಷ್ಟೇ. ಹೆಸರು ಊಹಿಸಿದವನು ಆಗಲೂ ಒಳಗೆ ಬರುತ್ತಾನೆ. ಹೆಸರು ಊಹಿಸುವುದನ್ನೇ ಕೆಲಸ ಮಾಡಿಕೊಂಡ ಪ್ರೋಗ್ರಾಂಗಳು ಹಗಲು ರಾತ್ರಿ ತಿರುಗುತ್ತಿರುತ್ತವೆ: ‘ಬ್ಯಾಕಪ್.ಜಿಪ್’ ಉಂಟಾ, ‘ಸೈಟ್.ಎಸ್‌ಕ್ಯೂಎಲ್’ ಉಂಟಾ, ‘ಓಲ್ಡ್’ ಎಂಬ ಫೋಲ್ಡರ್ ಉಂಟಾ. ಸೈಟಿಗೆ ಒಂದು ಬ್ಯಾಕಪ್ ಇರಲಿ ಎಂದು ಜಿಪ್ ಮಾಡಿ ಅಲ್ಲೇ ಪಬ್ಲಿಕ್ ಫೋಲ್ಡರಿನಲ್ಲಿ ಬಿಟ್ಟರೆ ಇಡೀ ಸೈಟನ್ನು ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ. ಇನ್ನೂ ಸೂಕ್ಷ್ಮವಾದದ್ದು ‘ಡಬ್ಲ್ಯೂಪಿ-ಕಾನ್ಫಿಗ್.ಪಿಎಚ್‌ಪಿ’. ಡೇಟಾಬೇಸಿನ ಪಾಸ್‌ವರ್ಡ್ ಇರುವ ಫೈಲ್ ಅದು. ಯಾರಾದರೂ ಅದನ್ನು ಕೇಳಿದರೆ ಸರ್ವರ್ ಅದನ್ನು ಪ್ರೋಗ್ರಾಂ ಎಂದು ತಿಳಿದು ನಡೆಸುತ್ತದೆ, ಒಳಗಿನ ಬರಹ ತೋರಿಸುವುದಿಲ್ಲ. ಆದರೆ ತಿದ್ದುವ ಮೊದಲು ನೀವು ಅದರ ಕಾಪಿ ಮಾಡಿ ಹೆಸರಿನ ಕೊನೆಗೆ ‘.ಬಿಎಕೆ’ ಅಥವಾ ‘.ಓಲ್ಡ್’ ಸೇರಿಸಿ ಅಲ್ಲೇ ಬಿಟ್ಟಿರೋ, ಹೆಚ್ಚಿನ ಸರ್ವರ್‌ಗಳಿಗೆ ಅದು ಬರೀ ಅಕ್ಷರದ ಫೈಲ್. ಪಾಸ್‌ವರ್ಡ್ ಸಮೇತ ಬ್ರೌಸರಿನಲ್ಲಿ ತೆರೆದುಕೊಳ್ಳುತ್ತದೆ. ಕಾಪಿ ಬೇಕಾದರೆ ಪಬ್ಲಿಕ್ ಫೋಲ್ಡರಿನ ಹೊರಗೆ, ಒಂದು ಹಂತ ಮೇಲೆ ಇಡಿ. ಅಲ್ಲಿಗೆ ವಿಳಾಸವೇ ಇಲ್ಲ.

ಜನರಿಂದ ಪಡೆದ ದಾಖಲೆಗಳಿಗೂ ಅದೇ ಜಾಗ. ಪಬ್ಲಿಕ್ ಫೋಲ್ಡರಿನ ಹೊರಗೆ ಇಟ್ಟು, ಲಾಗಿನ್ ಪರೀಕ್ಷಿಸಿದ ಮೇಲೆ ಪಿಎಚ್‌ಪಿ ಮೂಲಕ ಕೊಡುವ ವ್ಯವಸ್ಥೆ ಮಾಡಬೇಕು. ಅಷ್ಟು ಮಾಡಲು ಬಾರದಿದ್ದರೆ ಅಪ್‌ಲೋಡ್ ಮಾಡಿಸುವುದೇ ಬೇಡ, ಆಫೀಸಿಗೆ ಪ್ರತಿ ತರಲು ಹೇಳಿ. ಇದು ನನ್ನ ಅಭಿಪ್ರಾಯ. ಹಳೆಯ ಕಾಲದ್ದು ಎನ್ನುವವರು ಎನ್ನಲಿ. ಇನ್ನೊಂದು: ಅಪ್‌ಲೋಡ್ ಫಾರಂ ಮೂಲಕ ಯಾರಾದರೂ ಫೋಟೋ ಬದಲು ಪಿಎಚ್‌ಪಿ ಫೈಲ್ ಏರಿಸಿದರೆ ‘ಇದ್ದರೆ ನಡೆಸು’ ಎಂಬ ಇದೇ ನಿಯಮದಿಂದ ಅದು ನಿಮ್ಮ ಸರ್ವರಿನಲ್ಲಿ ಓಡುತ್ತದೆ. ಆದ್ದರಿಂದ ಅಪ್‌ಲೋಡ್ಸ್ ಫೋಲ್ಡರಿನಲ್ಲಿ ಪಿಎಚ್‌ಪಿ ಓಡದ ಹಾಗೆ ಮಾಡಲು ಹೋಸ್ಟಿಂಗಿನವರನ್ನು ಕೇಳಿಕೊಳ್ಳಿ.

ಹೋಂ ಪೇಜ್ ಬರ್ತದೆ, ಒಳಗಿನದ್ದು ಬರುವುದಿಲ್ಲ

ಹೋಸ್ಟಿಂಗ್ ಬದಲಾಯಿಸಿದ ಮೇಲೆ ಬರುವ ದೂರು ಹೆಚ್ಚುಕಡಿಮೆ ಯಾವಾಗಲೂ ಒಂದೇ: ಮುಖಪುಟ ಚೆನ್ನಾಗಿ ತೆರೆಯುತ್ತದೆ, ಯಾವ ಸುದ್ದಿ ಒತ್ತಿದರೂ 404. ಮುಖಪುಟಕ್ಕೆ ‘ಇಂಡೆಕ್ಸ್.ಪಿಎಚ್‌ಪಿ’ ನಿಜವಾಗಿ ಇದೆಯಲ್ಲ, ಅದು ಸಿಗುತ್ತದೆ. ಉಳಿದವು ಬರೀ ಹೆಸರುಗಳು, ಅವನ್ನು ಆಫೀಸಿಗೆ ಕಳಿಸುವ ನಾತೂರನೇ ಇಲ್ಲ. ಹೆಸರಿನ ಮೊದಲು ಚುಕ್ಕೆ ಇರುವ ಫೈಲ್‌ಗಳನ್ನು ಫೈಲ್ ಮ್ಯಾನೇಜರ್ ಸಾಮಾನ್ಯವಾಗಿ ತೋರಿಸುವುದಿಲ್ಲ, ಹಾಗಾಗಿ ಕಾಪಿ ಮಾಡುವಾಗ ‘.ಎಚ್‌ಟಿಆಕ್ಸೆಸ್’ ಹಿಂದೆಯೇ ಉಳಿದಿರುತ್ತದೆ. ವರ್ಡ್‌ಪ್ರೆಸ್‌ನಲ್ಲಿ ಸೆಟ್ಟಿಂಗ್ಸ್, ಪರ್ಮಾಲಿಂಕ್ಸ್‌ಗೆ ಹೋಗಿ ಏನನ್ನೂ ಬದಲಾಯಿಸದೆ ಸೇವ್ ಒತ್ತಿದರೆ ಸಾಕು, ಅದು ಫೈಲನ್ನು ಮತ್ತೆ ಬರೆಯುತ್ತದೆ. ಆಗಲೂ ಸರಿ ಹೋಗದಿದ್ದರೆ ಎರಡು ಸಂಶಯ ಇಟ್ಟುಕೊಳ್ಳಿ. ಒಂದು, ಅಪಾಚೆಯಲ್ಲಿ ‘ಅಲೋಓವರ್‌ರೈಡ್ ನನ್’ ಎಂದಿರಬಹುದು, ಆಗ ‘.ಎಚ್‌ಟಿಆಕ್ಸೆಸ್’ ಇದ್ದೂ ಸರ್ವರ್ ಅದನ್ನು ಓದುವುದಿಲ್ಲ. ಸ್ವಂತ ಸರ್ವರ್ ಬಾಡಿಗೆಗೆ ಪಡೆದವರಿಗೆ ಇದು ಬರುವುದು ಜಾಸ್ತಿ. ಎರಡು, ಹೊಸ ಸರ್ವರ್ ಎನ್‌ಜಿನ್‌ಎಕ್ಸ್ ಆಗಿರಬಹುದು, ಅದಕ್ಕೆ ‘.ಎಚ್‌ಟಿಆಕ್ಸೆಸ್’ ಎಂದರೆ ಏನೆಂದೇ ಗೊತ್ತಿಲ್ಲ, ಮೇಲೆ ಹೇಳಿದ ‘ಟ್ರೈ_ಫೈಲ್ಸ್’ ಸಾಲನ್ನು ಅದರ ಸ್ವಂತ ಕಾನ್ಫಿಗ್‌ನಲ್ಲಿ ಬರೆಯಬೇಕು.

ಕೈಯಾರೆ ಸೈಟ್ ಬರೆಯುವವರಿಗೆ ಬರುವ ಇನ್ನೊಂದು ಪೆಟ್ಟು: ಕ್ಲೀನ್ ಯುಆರ್‌ಎಲ್ ಮಾಡಿದ ಕೂಡಲೇ ಬಣ್ಣ, ಲೋಗೋ ಎಲ್ಲ ಹೋಗಿ ಪೇಜ್ ಬೋಳು ಬೋಳಾಗಿ ಕಾಣುತ್ತದೆ. ಕೋಡಿನಲ್ಲಿ ಚಿತ್ರದ ದಾರಿಯನ್ನು ‘ಇಮೇಜಸ್/ಲೋಗೋ.ಪಿಎನ್‌ಜಿ’ ಎಂದು ಬರೆದಿರುತ್ತೇವೆ. ‘/ಅಬೌಟ್/’ ಎಂಬ ಪೇಜಿನಲ್ಲಿ ನಿಂತ ಬ್ರೌಸರ್ ಇದನ್ನು ‘/ಅಬೌಟ್/ಇಮೇಜಸ್/ಲೋಗೋ.ಪಿಎನ್‌ಜಿ’ ಎಂದು ಅರ್ಥ ಮಾಡಿಕೊಳ್ಳುತ್ತದೆ. ಪಾಪ, ಅದಕ್ಕೆ ‘ಅಬೌಟ್’ ನಿಜವಾದ ಫೋಲ್ಡರ್ ಅಲ್ಲ ಎಂದು ಗೊತ್ತಿಲ್ಲ. ದಾರಿಯ ಮೊದಲಿಗೆ ಒಂದು ಸ್ಲ್ಯಾಶ್ ಹಾಕಿ ‘/ಇಮೇಜಸ್/ಲೋಗೋ.ಪಿಎನ್‌ಜಿ’ ಎಂದು ಬರೆಯಿರಿ, ಎಲ್ಲ ಪೇಜಿನಿಂದಲೂ ಸಿಗುತ್ತದೆ.

ಫೈಲ್ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರದ ವಿಷಯ ನಿಮಗೆ ಗೊತ್ತಿರಬಹುದು. ವಿಂಡೋಸ್ ಕಂಪ್ಯೂಟರಿಗೆ ಎರಡೂ ಒಂದೇ, ಲಿನಕ್ಸ್ ಸರ್ವರಿಗೆ ಬೇರೆ ಬೇರೆ. ಮನೆಯ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ಓಡಿದ್ದು ಸರ್ವರಿನಲ್ಲಿ 404 ಕೊಟ್ಟರೆ ಮೊದಲು ಇದನ್ನು ನೋಡಿ. ಎಲ್ಲ ಸಣ್ಣಕ್ಷರ, ನಡುವೆ ಸ್ಪೇಸ್ ಬದಲು ಅಡ್ಡಗೆರೆ, ಇಷ್ಟು ಅಭ್ಯಾಸ ಮಾಡಿಕೊಂಡರೆ ಆಯಿತು.

ಇಲ್ಲದ ಫೋಟೋಗಳ ಮಾತನ್ನೂ ಹೇಳಬೇಕು. ಹಳೆಯ ಸುದ್ದಿಯ ಫೋಟೋ ಡಿಲೀಟ್ ಮಾಡಿದ್ದೀರಿ, ಪೇಜಿನಲ್ಲಿ ಲಿಂಕ್ ಹಾಗೇ ಉಳಿದಿದೆ ಎಂದಿಟ್ಟುಕೊಳ್ಳಿ. ಫೈಲ್ ಇಲ್ಲ ಎಂದ ಮೇಲೆ ಸರ್ವರ್ ಆ ಫೋಟೋವನ್ನೂ ವರ್ಡ್‌ಪ್ರೆಸ್ ಹತ್ತಿರ ಕೇಳುತ್ತದೆ. ವರ್ಡ್‌ಪ್ರೆಸ್ ಪೂರ್ತಿ ಎದ್ದು, ಡೇಟಾಬೇಸ್ ಹುಡುಕಿ, ಕೊನೆಗೆ 404 ಎನ್ನುತ್ತದೆ. ಒಂದು ಪೇಜಿನಲ್ಲಿ ಇಂಥ ಹತ್ತು ಫೋಟೋ ಇದ್ದರೆ ಒಬ್ಬ ಓದುಗ ಬಂದದ್ದು ಸರ್ವರಿಗೆ ಹನ್ನೊಂದು ಜನ ಬಂದ ಹಾಗೆ. ಕಡಿಮೆ ದುಡ್ಡಿನ ಶೇರ್ಡ್ ಹೋಸ್ಟಿಂಗಿನಲ್ಲಿ, ಚುನಾವಣೆ ಫಲಿತಾಂಶದ ದಿನ ಸೈಟ್ ಬಿದ್ದುಹೋಗಲು ಇದೂ ಒಂದು ಕಾರಣ ಆಗಬಹುದು.

ಕನ್ನಡ ಹೆಡ್ಡಿಂಗ್, ಕತ್ತರಿ ಬಿದ್ದ ವಿಳಾಸ

ಕನ್ನಡ ಸೈಟ್ ನಡೆಸುವವರಿಗೆ ಮಾತ್ರ ಗೊತ್ತಿರುವ ಒಂದು ಸಂಕಟ ಉಂಟು. ವರ್ಡ್‌ಪ್ರೆಸ್ ಲೇಖನದ ಹೆಡ್ಡಿಂಗನ್ನೇ ವಿಳಾಸ ಮಾಡುತ್ತದೆ. ಬ್ರೌಸರಿನ ಮೇಲ್ಪಟ್ಟಿಯಲ್ಲಿ ಕನ್ನಡ ಚೆಂದ ಕಾಣುತ್ತದೆ. ಕಾಪಿ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಹಾಕಿದರೆ ಶೇಕಡಾ ಚಿಹ್ನೆ, ಅಂಕಿ, ಅಕ್ಷರಗಳ ಒಂದು ಮಾರುದ್ದದ ಸರಪಳಿ. ವೆಬ್ ವಿಳಾಸ ಹುಟ್ಟಿದ್ದೇ ಇಂಗ್ಲಿಷ್ ಅಕ್ಷರಗಳಿಗಾಗಿ. ಬೇರೆ ಲಿಪಿಯ ಪ್ರತಿ ಚಿಹ್ನೆಯನ್ನೂ ಕೋಡ್ ಮಾಡಿಯೇ ಕಳಿಸಬೇಕು. ಕನ್ನಡದ ಒಂದು ಚಿಹ್ನೆಗೆ 3 ಬೈಟ್, ಒಂದೊಂದು ಬೈಟಿಗೆ ವಿಳಾಸದಲ್ಲಿ 3 ಅಕ್ಷರ, ಒಟ್ಟು 9. ಇಲ್ಲಿ ಚಿಹ್ನೆ ಎಂದರೆ ಇಡೀ ಅಕ್ಷರವಲ್ಲ. ಗುಣಿತ, ಒತ್ತಿನ ಗೆರೆ, ಸೊನ್ನೆ ಎಲ್ಲ ಬೇರೆ ಬೇರೆ ಲೆಕ್ಕ. ‘ಮಂಜೇಶ್ವರ’ ಎಂಬ ಒಂದು ಹೆಸರಿನಲ್ಲಿ 8 ಚಿಹ್ನೆ, ಅಂದರೆ ವಿಳಾಸದಲ್ಲಿ 72 ಅಕ್ಷರ. ‘ಕಾಸರಗೋಡು’ ಕೂಡ 8, ಮತ್ತೆ 72.

ವರ್ಡ್‌ಪ್ರೆಸ್ ಈ ಹೆಸರಿಗೆ ಕೊಟ್ಟಿರುವ ಜಾಗ 200 ಅಕ್ಷರ. ಹಾಗಾಗಿ ಕನ್ನಡದಲ್ಲಿ ಸುಮಾರು 22 ಚಿಹ್ನೆಗೆ ಕತ್ತರಿ. ಮಂಜೇಶ್ವರ, ಕಾಸರಗೋಡು ಎರಡೂ ಬಂದರೆ ಮೂರನೆಯ ಪದಕ್ಕೆ 6 ಚಿಹ್ನೆಯಷ್ಟೇ ಜಾಗ ಉಳಿಯುತ್ತದೆ, ಪದ ದೊಡ್ಡದಾದರೆ ನಡುವಿನಲ್ಲೇ ತುಂಡು. ಎರಡು ಸುದ್ದಿಯ ಹೆಡ್ಡಿಂಗ್ ಮೊದಲ ಎರಡು ಮೂರು ಪದ ಒಂದೇ ಆಗಿದ್ದರೆ ವಿಳಾಸವೂ ಒಂದೇ ಆಗಿ, ಕೊನೆಗೆ ‘-2’, ‘-3’ ಎಂದು ಅಂಟಿಕೊಳ್ಳುತ್ತದೆ. ಲೇಖನ ಪಬ್ಲಿಶ್ ಮಾಡುವ ಮೊದಲು ಸ್ಲಗ್ ಎಂಬ ಜಾಗದಲ್ಲಿ ಮೂರು ನಾಲ್ಕು ಪದದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ನೀವೇ ಬರೆಯಿರಿ. ಕನ್ನಡದ ಅಭಿಮಾನಕ್ಕೆ ಇದು ಸ್ವಲ್ಪ ಚುಚ್ಚುತ್ತದೆ, ನನಗೂ ಚುಚ್ಚುತ್ತದೆ. ಆದರೆ ಕತ್ತರಿ ಬಿದ್ದ ಕನ್ನಡಕ್ಕಿಂತ ಪೂರ್ತಿಯಾದ ಹೆಸರು ಮೇಲು. ಲೇಖನ ಹೇಗೂ ಕನ್ನಡದಲ್ಲೇ ಉಂಟಲ್ಲ. ಪಬ್ಲಿಶ್ ಆದ ಮೇಲೆ ಮಾತ್ರ ಸ್ಲಗ್ ಮುಟ್ಟಬೇಡಿ, ಲಿಂಕ್ ಆಗಲೇ ಊರು ಬಿಟ್ಟಿರುತ್ತದೆ.

ಹಳೆಯ ಸೈಟ್, ಹೊಸ ಸೈಟ್ ಒಂದೇ ಮನೆಯಲ್ಲಿ

ಟಿಮ್ ಬರ್ನರ್ಸ್-ಲೀ 1998ರಲ್ಲಿ ಒಂದು ಚಿಕ್ಕ ಬರಹ ಬರೆದರು: ಒಳ್ಳೆಯ ವಿಳಾಸಗಳು ಬದಲಾಗಬಾರದು ಎಂಬುದೇ ಅದರ ಸಾರ. ಸಾಫ್ಟ್‌ವೇರ್ ಬದಲಾಗುತ್ತದೆ, ಜನ ಬದಲಾಗುತ್ತಾರೆ, ವಿಳಾಸ ಮಾತ್ರ ಹಾಗೇ ಇರಬೇಕು. ಸರ್ನ್‌ನವರೂ 2013ರಲ್ಲಿ ಆ ಮೊದಲ ವೆಬ್‌ಸೈಟನ್ನು ಅದರ ಹಳೆಯ ವಿಳಾಸದಲ್ಲೇ ಮತ್ತೆ ತೆರೆದಿಟ್ಟರು.

ನಮ್ಮಲ್ಲಿ ಹಲವು ಸಂಸ್ಥೆಗಳಿಗೆ ವರ್ಡ್‌ಪ್ರೆಸ್‌ಗಿಂತ ಮೊದಲೇ ಯಾರೋ ಕೈಯಾರೆ ಬರೆದ ಎಚ್‌ಟಿಎಂಎಲ್ ಸೈಟ್ ಇತ್ತು. ಸಮ್ಮೇಳನದ ಫೋಟೋಗಳು, ತೀರಿಹೋದ ಹಿರಿಯರ ಸಂದರ್ಶನ, ವಾರ್ಷಿಕ ವರದಿ. ಹೊಸ ಸೈಟ್ ಮಾಡುವಾಗ ‘ಹಳೆಯದ್ದು ಕಸ’ ಎಂದು ಒರೆಸಿ ಹಾಕುತ್ತಾರೆ, ಎಷ್ಟೋ ನೆನಪು ಹಾಗೇ ಹೋಗಿದೆ. ಒರೆಸುವ ಅಗತ್ಯವೇ ಇಲ್ಲ. ನನ್ನ ಪೇಜನ್ನು ನುಂಗಿದ ಆ ನಿಯಮವೇ ಇಲ್ಲಿ ಉಪಕಾರಕ್ಕೆ ಬರುತ್ತದೆ: ಇದ್ದದ್ದನ್ನು ಮೊದಲು ಕೊಡು. ಹಳೆಯ ಫೋಲ್ಡರ್‌ಗಳನ್ನು ಇದ್ದ ಹೆಸರಿನಲ್ಲೇ, ಇದ್ದ ಜಾಗದಲ್ಲೇ ಬಿಟ್ಟು ಪಕ್ಕದಲ್ಲಿ ವರ್ಡ್‌ಪ್ರೆಸ್ ಹಾಕಿದರೆ ಹಳೆಯ ಲಿಂಕ್ ಒತ್ತಿದವರಿಗೆ ಹಳೆಯ ಪುಟ, ಹೊಸ ಹೆಸರು ಕೇಳಿದವರಿಗೆ ವರ್ಡ್‌ಪ್ರೆಸ್ ಪುಟ. ಎರಡೂ ಒಂದಕ್ಕೊಂದು ತೊಂದರೆ ಕೊಡುವುದಿಲ್ಲ. ಹಳೆಯ ಮುಖಪುಟದ ‘ಇಂಡೆಕ್ಸ್.ಎಚ್‌ಟಿಎಂಎಲ್’ ಒಂದನ್ನು ಮಾತ್ರ ಬೇರೆ ಹೆಸರಿಗೆ ಬದಲಾಯಿಸಿ, ಇಲ್ಲದಿದ್ದರೆ ಹೊಸ ಮುಖಪುಟದ ಬದಲು ಅದೇ ಬರಬಹುದು. ಹಳೆಯ ಪುಟಗಳು ಬರೀ ಎಚ್‌ಟಿಎಂಎಲ್ ಮತ್ತು ಫೋಟೋ ಆಗಿದ್ದರೆ ಭಯವಿಲ್ಲ. ಹಳೆಯ ಪಿಎಚ್‌ಪಿ ಪ್ರೋಗ್ರಾಂ ಏನಾದರೂ ಇದ್ದರೆ ಅದನ್ನು ತೆಗೆಯಿರಿ, ಅಪ್‌ಡೇಟ್ ಇಲ್ಲದ ಪ್ರೋಗ್ರಾಂ ತೆರೆದ ಕಿಟಕಿ ಇದ್ದ ಹಾಗೆ.

ಹೆಸರು ಡಿಕ್ಕಿ ಹೊಡೆಯದ ಹಾಗೆ ನೋಡಿಕೊಳ್ಳುವುದು ಮಾತ್ರ ನಿಮ್ಮ ಜವಾಬ್ದಾರಿ. ನಾನು ಈಗ ಕೈಯಿಂದ ಹಾಕುವ ಪಿಡಿಎಫ್, ಫೋಟೋ ಎಲ್ಲವನ್ನೂ ‘ಫೈಲ್ಸ್’ ಎಂಬ ಒಂದೇ ಫೋಲ್ಡರಿನೊಳಗೆ, ವರ್ಷದ ಹೆಸರಿನ ಉಪಫೋಲ್ಡರ್ ಮಾಡಿ ಇಡುತ್ತೇನೆ. ಆ ಹೆಸರಿನ ಪೇಜ್ ಯಾವತ್ತೂ ಮಾಡುವುದಿಲ್ಲ. ಪಬ್ಲಿಕ್ ಫೋಲ್ಡರಿನ ಮೊದಲ ಹಂತದಲ್ಲಿ ಏನೇನು ಹೆಸರು ಉಂಟು ಎಂದು ಒಂದು ಕಾಗದದಲ್ಲಿ ಬರೆದು ಸಂಸ್ಥೆಯ ಆಫೀಸಿನಲ್ಲಿ ಮೋಡೆಮ್ ಪಕ್ಕ ಅಂಟಿಸಿದ್ದೇವೆ. ನನ್ನ ನಂತರ ಸೈಟ್ ವಹಿಸಿಕೊಂಡ ಹುಡುಗಿ ಅದರ ಕೆಳಗೆ ತನ್ನ ಕೈಬರಹದಲ್ಲಿ ಇನ್ನೂ ನಾಲ್ಕು ಹೆಸರು ಸೇರಿಸಿದ್ದಾಳೆ.